ಆಪರೇಷನ್ನಿಗೆ ಗುಡ್ ಲಕ್ ಅನ್ನಬಾರದು

ತಂತಿ ಕಚೇರಿಯ ಆ ಗುಮಾಸ್ತ ಅಹಂಕಾರಿ. ಇದನ್ನು ನಯವಾಗಿ ಹೇಳುವ ದಾರಿ ನನಗೆ ತಿಳಿಯದು. ಮೂವತ್ತೊಂದು ವರ್ಷ ಒಂದೇ ಕಿಟಕಿಯ ಹಿಂದೆ ಕುಳಿತು, ತಪ್ಪೆಂಬುದು ಯಾವಾಗಲೂ ಕಿಟಕಿಯ ಆಚೆ ನಿಂತವರದೇ ಎಂದು ನಂಬಿದ್ದ ಮನುಷ್ಯ. ಜನ ಇಟ್ಟ ಹೆಸರು ಡಿಕ್ಷನರಿ. ಬೇಸತ್ತಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಆಗ ತಂತಿಯ ಒಕ್ಕಣೆ ಇಂಗ್ಲಿಷಿನಲ್ಲೇ ಇರಬೇಕಿತ್ತು. ಬಂದವರಲ್ಲಿ ಹೆಚ್ಚಿನವರಿಗೆ ಆ ಭಾಷೆ ಬಾರದು. ಹಾಗಾಗಿ ನೆರೆಹೊರೆಯವರೆಲ್ಲ ಯಾರಿಗೆ ಏನೆಂದು ಶುಭ ಕೋರಬೇಕೆಂಬುದು ಆತನ ತೀರ್ಮಾನ. ಆತನ ಓದು ಹತ್ತನೆಯ ತರಗತಿಗೇ ನಿಂತಿತ್ತು. ರಟ್ಟು ಕಿತ್ತುಹೋದ ನಿಘಂಟೊಂದನ್ನು ಉರುಹೊಡೆದು ಕಲಿತ ಇಂಗ್ಲಿಷ್. ಪರೀಕ್ಷೆಗೆ ಆಲ್ ದಿ ಬೆಸ್ಟ್, ಮದುವೆಗೆ ಬೆಸ್ಟ್ ವಿಶಸ್. ಗುಡ್ ಲಕ್ ಮಾತ್ರ ಲಾಟರಿಗೆ, ಕುದುರೆ ಜೂಜಿಗೆ.

ಒಮ್ಮೆ ಬಡಗಿಯೊಬ್ಬ ಗೆಳೆಯನ ಮದುವೆಗೆ ಗುಡ್ ಲಕ್ ಕಳಿಸಲು ಬಂದ.

“ಮದುವೆಗೆ ಗುಡ್ ಲಕ್ ಅಂದ್ರೆ ಹುಷಾರಪ್ಪಾ ಅಂದಂಗೆ,” ಎಂದ ಗುಮಾಸ್ತ.

“ಅದನ್ನೇ ಹೇಳ್ಬೇಕಿತ್ತು ಸಾರ್. ಹುಡುಗಿ ನನಗೆ ಗೊತ್ತು.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆತ ನಗಲಿಲ್ಲ. ಬೆಸ್ಟ್ ವಿಶಸ್ ಎಂದೇ ಬರೆದ.

ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ಬಾಗಿಲು ತೆಗೆದ ಕೂಡಲೇ, ಹೊಲಿಗೆ ಕೆಲಸದ ಹೆಂಗಸೊಬ್ಬಳು ಬಂದಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಸಾಲಿನಲ್ಲಿ ಆಕೆಯ ಹಿಂದೆ ನಾನಿದ್ದೆ. ದೂರದ ನಗರದ ಆಸ್ಪತ್ರೆಯಲ್ಲಿ ಆಕೆಯ ತಮ್ಮನಿಗೆ ಹತ್ತೂವರೆಗೆ ಹೃದಯದ ಆಪರೇಷನ್. ಲಕ್ವ ಹೊಡೆದು ಮಲಗಿದ ಅಪ್ಪನನ್ನು ಬಿಟ್ಟು ಆಕೆ ಹೋಗುವಂತಿರಲಿಲ್ಲ.

“ಪಕ್ಕದ ಹಾಸಿಗೆಯವನಿಗೆ ಮನೆಯಿಂದ ಗುಡ್ ಲಕ್ ಅಂತ ತಂತಿ ಬಂದಿದ್ಯಂತೆ ಸಾರ್. ತಲೆದೆಸೆಯಲ್ಲಿ ಅಂಟಿಸ್ಕೊಂಡಿದಾನಂತೆ. ನಮ್ಮೋನು ಕಾಗದ ಬರ್ದಿದಾನೆ, ನನಗೂ ಒಂದು ಕಳಿಸಕ್ಕಾ ಅಂತ. ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಮುಟ್ಬೇಕು.”

“ಆಪರೇಷನ್ನಿಗೆ ಗುಡ್ ಲಕ್ ಅನ್ನಬಾರದಮ್ಮ. ಬದುಕೋದು ಅದೃಷ್ಟದ ಮೇಲಿದೆ ಅಂತ ಅರ್ಥ ಬರುತ್ತೆ.”

“ಅದೃಷ್ಟದ ಮೇಲೇ ಇರೋದು ಸಾರ್. ಡಾಕ್ಟ್ರೂ ಹಂಗೇ ಅಂದ್ರು.”

“ಡಾಕ್ಟ್ರಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನನಗೆ ಗೊತ್ತು. ಸರಿಯಾದ ಮಾತು ಹುಡುಕಿ ಕಳಿಸ್ತೀನಿ, ನೀವು ಮನೆಗೆ ಹೋಗಿ.”

ಆಕೆ ಹೋದಳು. ಫಾರಂ ಕಾಗದಗುಂಡಿನ ಕೆಳಗೆ ಹೋಯಿತು, ನಿಘಂಟು ಮೇಜಿನ ಮೇಲೆ ತೆರೆಯಿತು. ನಡುವೆ ಸಾಲು ಸರಿಯುತ್ತಿತ್ತು. ನನ್ನ ತಂತಿ, ನನ್ನ ಹಿಂದಿನವರ ತಂತಿ, ಎಲ್ಲವೂ ಮೊದಲು ಹೋದವು. ನಾನೂ ನೆನಪಿಸಲಿಲ್ಲ. ಅರ್ಧ ಗಂಟೆಯಲ್ಲಿ ಮುಟ್ಟುವ ಸುದ್ದಿಯನ್ನು ಆತ ಕಳಿಸಿದ್ದು ಹತ್ತು ದಾಟಿ ಹತ್ತು ನಿಮಿಷಕ್ಕೆ. ಆರಿಸಿದ ಮಾತು ತುಂಬ ಸೊಗಸಾಗಿತ್ತಂತೆ.

ಅದು ಮುಟ್ಟುವಷ್ಟರಲ್ಲಿ ತಮ್ಮನನ್ನು ಒಳಗೆ ಕರೆದೊಯ್ದಿದ್ದರು. ಅವನು ಜೀವಂತವಾಗಿ ಹೊರಗೆ ಬರಲಿಲ್ಲ. ಇಪ್ಪತ್ತೆರಡು ವರ್ಷ.

ಐದನೆಯ ದಿನ ಆಕೆ ಮತ್ತೆ ಕಿಟಕಿಗೆ ಬಂದಳು. ಅಂದೂ ನಾನು ಸಾಲಿನಲ್ಲಿದ್ದೆ.

“ತಂತಿ ಅವನು ಓದಿದ್ನಾ ಸಾರ್? ಅದೊಂದು ಹೇಳಿ ಸಾಕು.”

ಹೌದು ಎಂದಿದ್ದರೆ ಆಕೆ ಒಂದಿಷ್ಟು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದಳು. ಆ ವಾರ ಲೈನು ಎರಡು ಸಲ ಕೆಟ್ಟಿತ್ತು. ತಪ್ಪನ್ನು ಅದರ ಮೇಲೆ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ.

“ಇಲ್ಲಮ್ಮ,” ಎಂದ ಗುಮಾಸ್ತ. “ಹತ್ತು ನಿಮಿಷ ತಡವಾಗಿ ಮುಟ್ಟಿತು.”

“ಲೈನ್ ಕೆಟ್ಟಿತ್ತಾ?”

“ಲೈನ್ ಚೆನ್ನಾಗೇ ಇತ್ತು. ಒಂದು ಗಂಟೆಗೂ ಮೇಲೆ ಫಾರಂ ನನ್ನ ಮೇಜಿನ ಮೇಲೇ ಇತ್ತು. ನೀವು ಹೇಳಿದ್ದನ್ನೇ ಬರ್ದಿದ್ರೆ ಮುಟ್ತಿತ್ತು.”

ಆಕೆ ಕೊರಳ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು.

ಆತ ಒಂದು ಹಾಳೆ ತೆಗೆದು, ಮೇಲಧಿಕಾರಿಯ ವಿಳಾಸವನ್ನು ಆಕೆಗೆ ಓದಲು ಬರುವ ಅಕ್ಷರಗಳಲ್ಲಿ ದಪ್ಪಗೆ ಬರೆದ. ಅದರ ಕೆಳಗೆ ಯಾರ ಮೇಲೆ ದೂರು ಎಂಬಲ್ಲಿ ತನ್ನ ಪೂರ್ತಿ ಹೆಸರನ್ನೂ ಬರೆದು, ಹಾಳೆಯನ್ನು ಕಿಟಕಿಯ ಆಚೆಗೆ ಚಾಚಿದ.