ಗೋಡೆಯ ಮೇಲೆ ಮೊಳೆತ ಬೀಜ

ಟಮಾಟಿ ಎಲೆ ಹೊಸಕಿದಾಗ ಬೆರಳಿಗೆ ಅಂಟುವ ಕಟು ವಾಸನೆ ಈಗಲೂ ನನಗೆ ಸಿಟ್ಟು ತರಿಸುತ್ತದೆ. ಅದು ಹಂಪಮ್ಮತ್ತೆಯ ಕೈಯ ವಾಸನೆ. ಆಕೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಮಸ್ಕಿ ಕಡೆಯಿಂದ ತುರ್ವಿಹಾಳದ ಹತ್ತಿರದ ನಮ್ಮ ಮನೆಗೆ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು ಜವಾರಿ ಟಮಾಟಿಯ ಬೀಜ ಮಾತ್ರ. ಗಂಡನ ಮನೆಯ ಹಿರಿಯಳು ಕೊಟ್ಟದ್ದು. ಬೇರೆ ಯಾರ ಬಳಿಯೂ ಇರಲಿಲ್ಲ. ಮೊಣಕಾಲು ಮೀರದ ಗಿಡ. ಹಸ್ತ ಮಳೆಗೆ ಊರಿದರೆ ಎರೆಭೂಮಿಯ ತೇವ, ಬೆಳಗಿನ ಇಬ್ಬನಿ, ಅಷ್ಟರಲ್ಲೇ ಬದುಕಿ ಸಂಕ್ರಾಂತಿಗೆ ಹಣ್ಣು ಕೊಡುತ್ತಿತ್ತು. ನೆಲ್ಲಿಕಾಯಿ ಗಾತ್ರದ ಆ ಹಣ್ಣಿನ ಚಟ್ನಿ ಇದ್ದರೆ ಸಜ್ಜೆ ರೊಟ್ಟಿಗೆ ನಾವು ಬೇರೇನೂ ಕೇಳುತ್ತಿರಲಿಲ್ಲ. ಮೊದಲು ಮಾಗಿದ ಹಣ್ಣನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದರ ಬೀಜವನ್ನು ಸಗಣಿಯಲ್ಲಿ ಕಲಸಿ, ಅತ್ತೆ ಅಡುಗೆಮನೆಯ ಹೊರಗೋಡೆಗೆ ಬಿಲ್ಲೆ ತಟ್ಟುತ್ತಿದ್ದಳು. ಮುಂದಿನ ಹಸ್ತದವರೆಗೆ ಬೀಜ ಅಲ್ಲಿಯೇ ಒಣಗಿಕೊಂಡಿರುತ್ತಿತ್ತು.

ಕಾಲುವೆ ನೀರು ಬಂತು. ಅಪ್ಪ ಹೊಲವನ್ನೆಲ್ಲ ಮಟ್ಟ ಮಾಡಿಸಿ, ಹಿತ್ತಲಿನವರೆಗೂ ಗದ್ದೆ ಕಟ್ಟಿಸತೊಡಗಿದ. ಅತ್ತೆ ಕೇಳಿದ್ದು ಮೂಲೆಯ ಒಂದು ದಿನ್ನೆ.

"ತಮ್ಮಾ, ಅದೊಂದು ದಿನ್ನಿ ಬಿಡಪಾ. ನೀರು ನಿಂತ್ರ ನನ್ನ ಗಿಡ ಕೊಳಿತಾವ."

"ಯಕ್ಕಾ, ನೀರೇ ಬ್ಯಾಡನ್ನೋ ಗಿಡ ಈಗ ಯಾರಿಗೆ ಬೇಕು? ಸಿಂಧನೂರು ಸಂತ್ಯಾಗ ಬುಟ್ಟಿಗಟ್ಲೆ ಸಿಗ್ತಾವ, ತಂದ್ಕೊಡ್ತೀನಿ."

"ಮೊನ್ನಿತನಕ ಚಪ್ಪರಿಸಿದ ನಾಲಿಗಿ, ಹೆಂಗ ಹೊಳ್ಳಾಕತ್ತದ ನೋಡು."

ಅಪ್ಪ ದಿನ್ನೆ ಬಿಡಲಿಲ್ಲ. ಆ ಹಸ್ತದಲ್ಲಿ ಬೀಜ ಊರಲು ಜಾಗವಿರಲಿಲ್ಲ. ತಮ್ಮನ ಮನಸ್ಸು ಕರಗೀತೆಂದು ಅತ್ತೆ ಬಿಲ್ಲೆಗಳನ್ನು ಗೋಡೆಯಲ್ಲೇ ಬಿಟ್ಟಳು. ಆದರೆ ಗದ್ದೆಯ ನೀರು ಮಣ್ಣಿನ ಗೋಡೆಯ ಬುಡದಿಂದ ಮೇಲೇರಿತು. ನನ್ನ ದಿನಚರಿಯಲ್ಲಿ ಎರಡೇ ಸಾಲು: ಸೋಮವಾರ, ಗೋಡೆ ಹಸಿರು. ಗುರುವಾರ, ಒಂದೂ ಇಲ್ಲ. ಬಿಲ್ಲೆ ಬಿಲ್ಲೆಯಲ್ಲೂ ಮೊಳಕೆ ಎದ್ದಿತ್ತು. ಓಣಿಯವರು ನೋಡಲು ನೆರೆದರು. "ಯಕ್ಕಾ, ನಿನ್ನ ಗ್ವಾಡಿಗೂ ನೀರಾವರಿ ಆತಲ್ಲ," ಎಂದ ಅಪ್ಪ. ಎಲ್ಲರೂ ನಕ್ಕರು. ಅತ್ತೆ ಬಿಲ್ಲೆಗಳನ್ನು ಕಿತ್ತು, ಒಂದೊಂದೇ ಸಸಿ ಬಿಡಿಸಿ ಬದುವಿನ ಮೇಲೆ, ಒಡಕು ಗಡಿಗೆಯಲ್ಲಿ ಊರಿದಳು. ಎಲ್ಲವೂ ಬುಡ ಕೊಳೆತು ಮಲಗಿದವು.

ಕಾಲುವೆಯ ಅನ್ನ ನಾನೂ ಉಂಡಿದ್ದೇನೆ; ಇಲ್ಲವೆನ್ನಲಾರೆ. ಆದರೂ ಆ ನಗುವನ್ನು ನಾನು ಕ್ಷಮಿಸಿಲ್ಲ. ಈಗ ಅತ್ತೆಯಿಲ್ಲ, ಅಪ್ಪನಿಲ್ಲ, ಆ ಮನೆಯೂ ಇಲ್ಲ. ಬಿಲ್ಲೆ ಕಿತ್ತ ದುಂಡನೆಯ ಗುರುತುಗಳು ಮಾತ್ರ ಗೋಡೆ ಬೀಳುವವರೆಗೂ ಇದ್ದವು. ಆ ವರ್ಷ ದೀಪಾವಳಿಗೆ ಅಪ್ಪ ಸುಣ್ಣ ಬಳಿಯಲು ಹೊರಟಾಗ ಅತ್ತೆ ಅಡ್ಡ ನಿಂತಿದ್ದಳು.

"ಇಷ್ಟು ಜಾಗಾನರ ಬಿಡಪಾ."

ಅಪ್ಪ ಆಗ ಬಿಟ್ಟ.