ತೆಲುಗು ಬಾರದ ದುಭಾಷಿ

ನನಗೆ ತೆಲುಗು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷ ಇದನ್ನು ಹೇಳದೇ ಬಾಯಿ ಮುಚ್ಚಿಕೊಂಡಿದ್ದಕ್ಕೆ ನನ್ನ ಗೆಳೆಯನೊಬ್ಬನ ಮದುವೆ, ಆಗುವ ಮೊದಲೇ ಮುರಿಯುವುದರಲ್ಲಿತ್ತು.

ಗಡಿಯಾಚೆ ತೆಲುಗು ಸೀಮೆಯ ಜಹೀರಾಬಾದಿನ ಒಂದು ಟೈರ್ ಅಂಗಡಿಯಲ್ಲಿ ಎಂಟು ತಿಂಗಳು ಕೆಲಸ ಮಾಡಿದ್ದು ನಿಜ. ಆದರೆ ಅಲ್ಲಿ ಮಾಲೀಕನಿಂದ ಹಿಡಿದು ಲಾರಿ ಡ್ರೈವರುಗಳವರೆಗೆ ಎಲ್ಲರೂ ನಮ್ಮ ಬಸವಕಲ್ಯಾಣದವರ ಹಾಗೆಯೇ ದಖನಿ ಹಿಂದಿಯಲ್ಲಿ ಬೈದಾಡುತ್ತಿದ್ದರು. ಗಾಳಿ ಎಷ್ಟು ಹಾಕಲಿ, ಟ್ಯೂಬು ಹಳೆಯದು, ನಾಳೆ ಬಾ. ಇಷ್ಟೇ ತೆಲುಗು ಕಲಿತು ವಾಪಸು ಬಂದವನು ನಾನು. ಊರಲ್ಲಿ ಸ್ವಂತ ಪಂಕ್ಚರ್ ಅಂಗಡಿ ಹಾಕಿದ ಮೇಲೆ ಗೆಳೆಯರು ತಾವಾಗಿಯೇ ತೀರ್ಮಾನಿಸಿದರು, ಇವನಿಗೆ ತೆಲುಗು ಬರುತ್ತದೆ ಎಂದು. ನಾನು ಇಲ್ಲ ಅನ್ನಲಿಲ್ಲ. ಮನೆ ಬಾಗಿಲಿಗೆ ಬಂದ ಮರ್ಯಾದೆಯನ್ನು ಯಾರಾದರೂ ತಿರುಗಿ ಕಳಿಸುತ್ತಾರೆಯೇ?

ಗೆಳೆಯರು ಎಂದರೆ ಇಬ್ಬರೇ. ಒಬ್ಬ ನನ್ನ ಅಂಗಡಿಯ ಪಕ್ಕದ ಟೇಲರ್. ಇನ್ನೊಬ್ಬ ಕೊಹಿನೂರದ ಹಾಲಿನವನು. ದಿನಾ ಬೆಳಿಗ್ಗೆ ಮೋಟಾರ್ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಬರುತ್ತಾನೆ. ಹುಮನಾಬಾದಿನ ಟಾಕೀಸಿಗೆ ದೊಡ್ಡ ತೆಲುಗು ಚಿತ್ರ ಬಂದರೆ ನಾವು ಮೂವರೂ ಕೆಲಸ ಬಿಟ್ಟು ಬಸ್ಸು ಹತ್ತುತ್ತೇವೆ. ನಮ್ಮ ಕಡೆ ತೆಲುಗು ಚಿತ್ರ ನೋಡುವ ಪ್ರತಿ ಗುಂಪಿನಲ್ಲೂ ಭಾಷೆ ಬಲ್ಲವನೊಬ್ಬ ಇರುತ್ತಾನೆ. ಅವನಿಗೆ ನಡುವಿನ ಸೀಟು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ಮೆಲ್ಲಗೆ ಮಾತಿನ ಅರ್ಥ ಹೇಳುವುದು ಅವನ ಕೆಲಸ. ಇಂಟರ್ವಲ್ಲಿನಲ್ಲಿ ಅವನು ಚಹಾ ತರಲು ಏಳುವ ಹಾಗಿಲ್ಲ, ಉಳಿದವರೇ ತಂದುಕೊಡುತ್ತಾರೆ. ನಾನು ಪರದೆಯ ಮೇಲಿನ ಮುಖ ನೋಡಿ ಮಾತು ಕಟ್ಟುತ್ತಿದ್ದೆ. ವಿಲನ್ ಹಲ್ಲು ಕಡಿದರೆ ಬೆದರಿಕೆ, ತಾಯಿ ಸೆರಗು ಕಚ್ಚಿದರೆ ಆಣೆ. ಬಹಳ ಸಲ ಸರಿಹೋಗುತ್ತಿತ್ತು. ಸರಿಹೋಗದಿದ್ದಾಗ ನನ್ನ ಕಥೆಯೇ ಮೂಲ ಕಥೆಗಿಂತ ಚೆನ್ನಾಗಿತ್ತು ಎಂದು ಈಗಲೂ ನನ್ನ ನಂಬಿಕೆ.

ಆವತ್ತು ಹುಮನಾಬಾದಿಗೆ ಜಲ್ದಿ ಮುಟ್ಟಿದ್ದೆವು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿನ್ನುತ್ತ ಕೂತೆವು. ನನಗೆ ಎಲ್ಲಿಯೂ ಸುಮ್ಮನೆ ಕೂತು ಗೊತ್ತಿಲ್ಲ. ಕಾಲು ಕುಣಿಸುತ್ತ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದೆ. ಟೇಲರ್ ಗೋಡೆಯ ಮೇಲಿನ ಪೋಸ್ಟರ್ ನೋಡುತ್ತಿದ್ದ.

"ಹೀರೋಗ ವಯಸ್ಸಾಗ್ಯದ ನೋಡು. ಕಾಲರ್ ಎತ್ತಿ ಗದ್ದ ಮುಚ್ಚಾಕತ್ಯಾರ," ಅಂದ.

"ನಿನಗ ಪಿಕ್ಚರಿನ್ಯಾಗ ಕಾಲರ್ ಅಷ್ಟೇ ಕಾಣ್ತದ," ಅಂದ ಹಾಲಿನವನು.

"ನಿನಗೇನ್ ಕಾಣ್ತದ? ಎಮ್ಮಿ!"

"ಹೌದು, ಎಮ್ಮೀನೇ. ಹೋದ ಸಲದ ಪಿಕ್ಚರಿನ್ಯಾಗ ಹೀರೋಯಿನ್ ಕರಾನ ಕುಡಿಯಾಕ ಬಿಡದನೇ ಹಿಂಡಾಕ ಕುಂತಾಳ. ಖರೇ ಎಮ್ಮಿ ಇದ್ದಿದ್ರ ಒಂದು ಒದ್ದು ಪಿಕ್ಚರ್ ಅಲ್ಲೇ ಖತಂ ಮಾಡ್ತಿತ್ತು."

ಟೇಲರ್ ನಕ್ಕು ತನ್ನ ಕಷ್ಟ ತೆಗೆದ. ಫೋನಿನಲ್ಲಿ ಹೀರೋಯಿನ್ನುಗಳ ರವಿಕೆ ತೋರಿಸಿ ಹೀಗೇ ಹೊಲಿ ಅನ್ನುತ್ತಾರಂತೆ. "ಸೊಸಿ ಬಂದು ಬೆನ್ನು ತೆಗಸ್ತಾಳ, ಮರುದಿನ ಅತ್ತಿ ಬಂದು ಮುಚ್ಚಸ್ತಾಳ. ನಡುವ ನನ್ನ ಕತ್ತರಿ ಪರೇಶಾನ." ಅಲ್ಲಿಂದ ಮಾತು ಹಾಲಿನವನ ಮೇಲೆ ತಿರುಗಿತು. ನಲವತ್ತರ ಹತ್ತಿರ ಬಂದರೂ ಅವನಿಗೆ ಮದುವೆಯಾಗಿಲ್ಲ. ತಾಯಿಯ ಆರೈಕೆ, ಎಮ್ಮೆಗಳ ಆರೈಕೆ ಎಂದು ವರ್ಷಗಳು ಹೋಗಿದ್ದವು. "ನಿನ್ನ ಇಂಟರ್ವಲ್ ಯಾವಾಗ ಮುಗೀತದೋ ಮಾರಾಯ," ಅಂತ ಟೇಲರ್ ಛೇಡಿಸಿದ.

ಹಾಲಿನವನು ಭಜಿಯ ಮೆಣಸಿನಕಾಯಿ ಬಿಡಿಸುತ್ತ ಸಣ್ಣ ದನಿಯಲ್ಲಿ ಒಂದು ಸಂಗತಿ ಹೇಳಿದ. ಅಕ್ಕ ಚಿಟಗುಪ್ಪದಲ್ಲಿ ಒಂದು ಹೆಣ್ಣು ನೋಡಿದ್ದಾಳೆ. ಗಂಡ ತೀರಿಹೋಗಿ ಮೂರು ವರ್ಷ, ಆರು ವರ್ಷದ ಮಗಳಿದ್ದಾಳೆ, ಈಗ ಅಣ್ಣನ ಮನೆಯಲ್ಲಿ ಇದ್ದಾಳೆ. ಹೋಗಿ ನೋಡಿಕೊಂಡು ಬಂದಾಗಿದೆ.

"ಆಕಿ ಏನರ ಮಾತಾಡ್ರಿ ಅಂದ್ಳು. ನನಗ ಬಾಯೇ ಬಿಡಾಕ ಆಗಲಿಲ್ಲ. ಎರಡು ಕಪ್ ಚಹಾ ಕುಡದು ಎದ್ದು ಬಂದೆ. ಇನ್ನೊಂದು ಸಲ ಬರ್ರಿ, ಆಮ್ಯಾಲ ಹೇಳ್ತೀನಿ ಅಂದಾಳ."

"ಮನಸ್ಸಿಗೆ ಬಂದಾಳೇನು?" ಅಂತ ನಾನು ಕೇಳಿದೆ.

"ಬಂದಾಳ," ಅಂದ. ಅಷ್ಟು ಹೇಳುವುದಕ್ಕೇ ಅವನ ಕಿವಿ ಕೆಂಪಾಯಿತು.

ಆ ಚಿತ್ರದ ಕಥೆಯೂ ಅಂಥದ್ದೇ ಇರಬೇಕೇ! ಹೀರೋ ಲಾರಿ ಡ್ರೈವರ್. ನಾಯಕಿ ಗಂಡನನ್ನು ಕಳೆದುಕೊಂಡವಳು, ರಸ್ತೆ ಬದಿಯಲ್ಲಿ ಕೈಗಾಡಿಯ ಮೇಲೆ ಇಡ್ಲಿ ಮಾರುತ್ತಾಳೆ. ಇಂಟರ್ವಲ್ ಆದ ಮೇಲೆ ಒಂದು ದೃಶ್ಯ. ಹೀರೋ ಅವಳ ಮನೆಯ ಬಾಗಿಲಲ್ಲಿ ನಿಂತು ಸಾವಕಾಶ ಎರಡು ಮಾತು ಹೇಳುತ್ತಾನೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಾಳೆ. ನನ್ನ ಬಲಗಡೆ ಹಾಲಿನವನು ಉಸಿರು ಬಿಗಿಹಿಡಿದು ಕೂತಿದ್ದ. "ಏನಂದ? ಏನಂದ?" ಎಂದು ನನ್ನ ತೋಳು ಹಿಚುಕಿದ.

ನನಗೆ ಒಂದು ಅಕ್ಷರ ತಿಳಿದಿರಲಿಲ್ಲ. ಆದರೆ ಅವನ ಅವಸರ ನನ್ನ ಮೈಗೂ ಹತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ: "ಹೋದಾಂವನ್ನ ಮರತುಬಿಡು ಅಂತ ನಾ ಅನ್ನಂಗಿಲ್ಲ. ಅವನ ಫೋಟೋನೂ ಸಂಗಾಟ ತಗೊಂಡು ಬಾ. ನಮ್ಮ ಮನಿ ಗ್ವಾಡಿಗೆ ಒಂದು ಮೊಳಿ ಖಾಲಿ ಅದ."

ಹಾಲಿನವನು ಕಣ್ಣೊರೆಸಿಕೊಂಡ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ವಾಪಸು ಬರುವಾಗ ಹಾಲಿನವನು ಆ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿದ. ಬಸವಕಲ್ಯಾಣದಲ್ಲಿ ಇಳಿಯುವಾಗ ತುಟಿಯಲ್ಲೇ ತಾನೂ ಹೇಳಿಕೊಳ್ಳುತ್ತಿದ್ದ. ಅವನು ಅದನ್ನು ಎಲ್ಲಿಗೆ ಒಯ್ಯುತ್ತಾನೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಹತ್ತು ದಿನಗಳ ಮೇಲೆ ಅಂಗಡಿಗೆ ಪೇಢೆ ಬಂತು. ಹಾಲಿನವನು ಚಿಟಗುಪ್ಪಕ್ಕೆ ಎರಡನೇ ಸಲ ಹೋಗಿ ಆ ಮಾತನ್ನು ಅಕ್ಷರ ಬಿಡದೆ ಹೇಳಿದ್ದ. ಅವಳು ಎರಡು ದಿನ ಬಿಟ್ಟು ಅಣ್ಣನ ಕೈಲಿ ಆಗಲಿ ಎಂದು ಹೇಳಿಕಳಿಸಿದ್ದಳು. ಟೇಲರ್ ನನ್ನ ಬೆನ್ನಿಗೆ ಗುದ್ದಿ, "ಪಿಕ್ಚರ್ ನೋಡಿ ಕೆಟ್ಟವರನ್ನ ನೋಡೀನಿ, ಲಗ್ನ ಆದವನನ್ನ ಇದೇ ಮೊದಲು ನೋಡಾಕತ್ತೇನಿ," ಅಂದ. ನಾನೂ ನಕ್ಕೆ. ನನ್ನ ಪಾಲಿನ ಪೇಢೆಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ.

ಅಲ್ಲಿಂದ ನನಗೆ ಶುರುವಾಯಿತು ನೋಡಿ. ಕುಂತರೆ ಕುಂದ್ರಗೊಡದು, ನಿಂತರೆ ನಿಂದ್ರಗೊಡದು ಎನ್ನುತ್ತಾರಲ್ಲ, ಹಾಗೆ. ಆ ಚಿತ್ರ ಕನ್ನಡದಲ್ಲಿ ಡಬ್ ಆಗಿ ಬರುವ ಶುಕ್ರವಾರ ಫೋನಿನಲ್ಲಿ ಬರುತ್ತದೆ ಎಂಬ ಸುದ್ದಿಯನ್ನು ಟೇಲರ್ ತಂದ. "ಎಲ್ಲರೂ ಕೂಡಿ ಆ ಮೊಳಿ ಸೀನ್ ಇನ್ನೊಮ್ಮೆ ನೋಡೂಣು," ಅಂದ. ಇದ್ದಬಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಒಂದು ಟ್ರ್ಯಾಕ್ಟರಿನ ಟ್ಯೂಬಿಗೆ ತೇಪೆ ಹಾಕುವಲ್ಲಿ ತೂತು ಬಿಟ್ಟು ಪಕ್ಕಕ್ಕೆ ಹಾಕಿದೆ. ರೈತ ಬೈದು ಹೋದ. ಮನೆಯಲ್ಲಿ ಹೆಂಡತಿ, "ಏನಾಗ್ಯದ ನಿಮಗ, ಅಂಗಿಯಾಗ ಇರುವಿ ಹೊಕ್ಕವೇನು?" ಎಂದು ಕೇಳಿದಳು. ಏನೂ ಇಲ್ಲ ಎಂದು ರೇಗಿದೆ.

ಶುಕ್ರವಾರಕ್ಕಿಂತ ಮೊದಲೇ ಹಾಲಿನವನು ಬಂದ. ಕ್ಯಾನು ಖಾಲಿಯಾಗಿತ್ತು, ಮುಖವೂ ಹಾಗೆಯೇ ಇತ್ತು. ಮೋಟಾರ್ ಸೈಕಲ್ಲಿನಿಂದ ಇಳಿಯದೆ ಕೇಳಿದ, "ಆ ಮಾತು ಪಿಕ್ಚರಿನ್ಯಾಗ ಇತ್ತೋ ಇಲ್ಲೋ?"

"ಯಾಕ?"

"ಆಕಿ ಗಂಡನ ಮನಿ ಜಹೀರಾಬಾದ ಕಡೆ ಇತ್ತಂತ. ತೆಲುಗು ನೀರು ಕುಡದಂಗ ಬರ್ತದ. ನಿನ್ನಿ ಫೋನ್ ಮಾಡಿದ್ದೆ. ಯಾ ಪಿಕ್ಚರ್ ನೋಡ್ತೀರಿ ಅಂದ್ಳು, ಇದರ ಹೆಸರು ಹೇಳಿದೆ. ಅದು ನಾನೂ ನೋಡೀನ್ರಿ, ಅದರ ಹೀರೋನಂಗ ನೀವೂ ಬಾಗಲದಾಗ ನಿಂತೇ ಹೇಳಿದ್ರಿ, ಆದ್ರ ಆ ಮಾತು ಅದರಾಗಿಂದಲ್ಲ, ನೀವೇ ಕಟ್ಟಿದ್ದು, ಅದಕ್ಕೇ ನಾ ಹೂಂ ಅಂದೆ ಅಂದ್ಳು. ನಾ ಸುಮ್ಮ ಇದ್ದೆ. ಆಕಿ ಅದನ್ನ ಹೌದು ಅಂತ ತಿಳಕೊಂಡ್ಳು."

ನಾನು ಟೈರಿನ ಮೇಲೆ ಕೂತುಬಿಟ್ಟೆ. ಎರಡು ವರ್ಷದ ಸುಳ್ಳನ್ನು ಎರಡು ನಿಮಿಷದಲ್ಲಿ ಒಪ್ಪಿಕೊಂಡೆ. ಎಂಟು ತಿಂಗಳಲ್ಲಿ ಕಲಿತ ಮೂರು ಮಾತುಗಳನ್ನೂ ಹೇಳಿ ತೋರಿಸಿದೆ. ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಗಾಡಿಯ ಮೇಲೆ ಕೂತೇ ಖಾಲಿ ಕ್ಯಾನಿನ ಹಗ್ಗ ಬಿಗಿಮಾಡತೊಡಗಿದ.

"ಒಳ್ಳೇದೇ ಆತಲ್ಲೋ," ಅಂದೆ ನಾನು. "ನಿಂದೇ ಅಂತ ಇರಲಿ. ನಾನೇನ್ ಹಕ್ಕು ಕೇಳಾಕ ಬರಂಗಿಲ್ಲ. ಮನಿಗೆ ಬರೋ ಲಕ್ಷ್ಮಿನ್ನ ಕಾಲಿಲೆ ಒದಿಬ್ಯಾಡ."

"ಇಷ್ಟು ವರ್ಷ ಹಾಲಿಗೆ ನೀರು ಹಾಕಿಲ್ಲ ನಾ," ಅಂದ. "ನಾಳಿಗೆ ಚಿಟಗುಪ್ಪಕ್ಕ ಹೋಗೂಣು. ನೀನೂ ಬಾ. ನೀನೇ ಹೇಳಬೇಕು."

ಬಸವಕಲ್ಯಾಣದಿಂದ ಹುಮನಾಬಾದ, ಅಲ್ಲಿ ಬಸ್ಸು ಬದಲಿಸಿ ಚಿಟಗುಪ್ಪ. ಹಿಂದೆಂದೂ ಆ ದಾರಿ ಅಷ್ಟು ಉದ್ದ ಅನ್ನಿಸಿರಲಿಲ್ಲ. ಹುಮನಾಬಾದಿನಲ್ಲಿ ಟಾಕೀಸಿನ ಹೊಸ ಪೋಸ್ಟರ್ ಕಂಡರೂ ಇಬ್ಬರೂ ಮುಖ ತಿರುಗಿಸಿದೆವು. ಬಸ್ಸು ಕೆಟ್ಟು ನಿಲ್ಲಬಾರದೇ ಎಂದು ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ಅದು ಹೊತ್ತಿಗಿಂತ ಮೊದಲೇ ಮುಟ್ಟಿಸಿತು.

ಅವಳು ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಅಣ್ಣ ಹೊಲಕ್ಕೆ, ಮಗಳು ಶಾಲೆಗೆ ಹೋಗಿದ್ದರು. ಅತ್ತಿಗೆ ನಮಗೆ ಚಾಪೆ ಹಾಸಿ ಒಳಗೆ ಚಹಾ ಇಡಲು ಹೋದಳು. ಹಾಲಿನವನು ನನ್ನನ್ನು ಮೊಣಕೈಯಿಂದ ತಿವಿದ. ನಾನು ತೊದಲುತ್ತ ಎಲ್ಲ ಹೇಳಿದೆ. ಟೈರ್ ಅಂಗಡಿ, ನಡುವಿನ ಸೀಟು, ಹಿಚುಕಿದ ತೋಳು, ಯಾವುದನ್ನೂ ಬಿಡಲಿಲ್ಲ. ಆ ಮಾತು ನನ್ನದು, ಇವನಿಗೆ ಅದು ಚಿತ್ರದ್ದೆಂದೇ ನಂಬಿಕೆಯಿತ್ತು ಎಂದೆ. ಅವಳ ಕೈ ಮೊರದ ಮೇಲೆ ನಿಂತುಹೋಯಿತು.

"ಖರೇ ಅಂದ್ರ ಆ ಸೀನಿನ್ಯಾಗ ಹೀರೋ ಏನಂತಾನ ಗೊತ್ತೇನ್ರಿ ನಿಮಗ?" ಎಂದು ನನ್ನನ್ನು ಕೇಳಿದಳು.

"ಇಲ್ರಿ."

"ನಾಳಿ ಮುನಿಸಿಪಾಲ್ಟಿಯವರು ಬರ್ತಾರ, ಕೈಗಾಡಿ ಒಳಗ ಇಡು ಅಂತಾನ್ರಿ."

"ಮತ್ತ ಆಕಿ ಯಾಕ ಅಳ್ತಾಳ?"

"ಗಾಡಿ ಹೋಗ್ತದಂತ ಅಳ್ತಾಳ್ರಿ. ಇನ್ಯಾಕ ಅಳಬೇಕು?"

ಒಳಗಿಂದ ಅತ್ತಿಗೆಯ ನಗು ಕೇಳಿಸಿತು. ನನಗೂ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ. ಹಾಲಿನವನ ಕಡೆ ತಿರುಗಿದಳು. ಅವನು ಚಾಪೆಯ ಅಂಚು ಕೀಳುತ್ತ ಕೂತಿದ್ದ.

"ಅಂದ್ರ ನಾ ಹೂಂ ಅಂದಿದ್ದು ಇವರ ಮಾತಿಗಿ ಆತು," ಅಂದಳು. "ನಿಮ್ಮ ಮಾತು ಯಾವುದ್ರಿ?"

ಅವನು ನನ್ನ ಕಡೆ ನೋಡಿದ. ನನ್ನ ಕಡೆ ನೋಡಿದ. ದೇವರಾಣೆ, ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ಡೈಲಾಗು ಸಾಲುಗಟ್ಟಿದ್ದವು. ಒಂದಕ್ಕಿಂತ ಒಂದು ಚೆಂದ. ಹಲ್ಲು ಕಚ್ಚಿ ಹಿಡಿದೆ. ನನ್ನಿಂದಾಗಿ ಇವನ ಮನೆ ಹಾಳಾಯಿತು ಎಂದು ನನ್ನನ್ನೇ ಬೈದುಕೊಂಡೆ. ಅತ್ತಿಗೆ ಚಹಾ ತಂದಿಟ್ಟು ಹೋದಳು. ಯಾರೂ ಕಪ್ಪು ಮುಟ್ಟಲಿಲ್ಲ.

ಕೊನೆಗೆ ಅವನು ತೊಗರಿಯ ರಾಶಿಗೆ ಹೇಳುವವನಂತೆ ತಲೆ ತಗ್ಗಿಸಿಯೇ ಮಾತು ತೆಗೆದ.

"ನಾ ದಿನಾ ನಸುಕಿನ್ಯಾಗ ಹಿಂಡಾಕ ಏಳ್ತೀನ್ರಿ. ಸಪ್ಪಳ ಮಾಡಂಗಿಲ್ಲ. ಕ್ಯಾನ್ ಇಡೋ ಜಾಗದಾಗ ಗೋಣಿಚೀಲ ಹಾಸ್ತೀನಿ. ಗಾಡೀನೂ ಚಾಲೂ ಮಾಡದನೇ ಓಣಿ ದಾಟೋ ತನಕ ದೂಡಿಕೊಂಡೇ ಹೋಗ್ತೀನಿ." ಚಾಪೆಯ ಅಂಚು ಬಿಟ್ಟು ಮುಗಿಸಿದ, "ಕೂಸಿಗಿ ಎಚ್ಚರ ಆಗಂಗಿಲ್ರಿ."

ಅಷ್ಟೇ. ಇಷ್ಟು ವರ್ಷ ಸಿನಿಮಾ ನೋಡಿದ ನನಗೆ ಅಂಥ ಒಂದು ಮಾತು ಯಾವತ್ತೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು.

ಅವಳು ಮೊರ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಚಹಾದ ಕಪ್ಪನ್ನು ಅವನ ಕಡೆ ಸರಿಸಿದಳು.

"ಬರೋ ಐತವಾರ ಬರ್ರಿ. ಕೂಸು ಮನ್ಯಾಗ ಇರ್ತದ, ಮಾತಾಡಸ್ರಿ," ಅಂದಳು. ಆಮೇಲೆ ನನ್ನ ಕಡೆ ನೋಡಿದಳು. "ಇವರನ್ನ ಮಾತ್ರ ಕರಕೊಂಡು ಬರಬ್ಯಾಡ್ರಿ."