ಎರಡೂ ಭಾಷಾದಾಗ ಅಳಾಕ ಬರತಿತ್ತು

ಎಂಬತ್ತರ ದಶಕದ ಕೊನೀಗೆ, ನಿಪ್ಪಾಣಿಯೊಳಗ, ನನ್ನ ಲಗ್ನ ನಿಶ್ಚಯ ಆಗಿ ಮುರೀತು. ಗಂಡಿನವರು ಅಥಣಿ ಕಡಿಯವರು. ಕಾರಣ ಏನೂ ಹೇಳಲಿಲ್ಲ. ಅವತ್ತಿನಿಂದ ನಾ ಒಳಗಿನ ಖೋಲಿ ಹಿಡದು ಕುಂತೆ. ಹಾಲು ಉಕ್ಕಿದರೂ ‘ನನಗಽ ಯಾಕ ಹಿಂಗ’, ಕರೆಂಟ್ ಹೋದರೂ ‘ನನಗಽ ಯಾಕ ಹಿಂಗ’. ಕರೆಂಟ್ ಇಡೀ ಓಣಿಗೇ ಹೋಗಿರತಿತ್ತು, ಆ ಮಾತು ಬ್ಯಾರೆ. ಬಾಜೂ ಮನಿಯ ಮರಾಠಿ ಹೆಂಗಸು ಬಂದು ಕುಂತರ ಅದಽ ಮಾತು ಮರಾಠಿಯೊಳಗ: ‘ಮಲಾಚ ಕಾ?’

ನಮ್ಮ ಮಾವಶಿ, ಅಂದರ ಅವ್ವನ ತಂಗಿ, ಪಡಸಾಲ್ಯಾಗ ಕುಂತು ಬೀಡಿ ಕಟ್ಟತಿದ್ದಳು. ಕೈ ನಿಲ್ಲಸದಽ ಅಂದಳು: “ಭಾಳ ಶಾಣ್ಯಾಕಿ ಅದಿ ನೋಡಬೇ. ಎರಡೂ ಭಾಷಾದಾಗ ಅಳಾಕ ಬರತೈತಿ ನಿನಗ. ಉರ್ದೂ ಬೇಕಾದರ ಹಿಂದಿನ ಓಣಿಯೊಳಗ ಕೇಳಿ ಬರತೇನಿ.”

ನನಗ ಸಿಟ್ಟು ನೆತ್ತಿಗೇರಿತು. ಅಕಿ ಕೂಡ ಮಾತು ಬಿಟ್ಟೆ. ಅಕಿಗೆ ಅದರಿಂದ ಆರಾಮಽ ಆದಂಗ ಕಾಣತಿತ್ತು.

ಮುಂದಿನ ವರ್ಷ ನನ್ನ ತಂಗಿನ್ನ ನೋಡಾಕ ಮುಗಳಖೋಡದವರು ಬರತೀವಿ ಅಂದರು. ಅದಕ್ಕೂ ಮೊದಲ ಬಂದ ಒಂದು ಮನಿಯವರು, ದೊಡ್ಡಾಕಿದು ಲಗ್ನ ಯಾಕ ಮುರೀತು ಅಂತ ಕೇಳಿದಾಗ ಅವ್ವ ತಡವರಿಸಿದ್ದಳು. ಅವರು ಸಂಶೇ ಪಟ್ಟು ಎದ್ದು ಹೋಗಿದ್ದರು. ಅದಕ್ಕ ಈ ಸಲ ನನ್ನನ್ನ ಶೇಡಬಾಳದ ಸೋದರಮಾವನ ಮನಿಗೆ ಕಳಸೋದು ಅಂತ ಠರಾವ ಆತು. ಇದೂ ನನಗಽ ಅಂತ ಮೂಗು ಒರಸಕೋತ ಅಡಗಿಮನಿಗೆ ಹೋದರ, ತಂಗಿ ಕಪ್ಪು-ಬಸಿ ತೊಳಕೋತ ಅಳಾಕತ್ತಿದ್ದಳು. ನನ್ನ ನೋಡಿದಾಕಿನಽ ಕಣ್ಣು ಒರಸಿಕೊಂಡು ನಕ್ಕಳು. ಒಂದು ವರ್ಷದಿಂದ ಈ ಮನಿಯೊಳಗ ಅಳೂ ಪಾಳಿ ನಾ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನನಗ ಭಾಳ ನಾಚಿಕಿ ಆತು.

ಶೇಡಬಾಳಕ್ಕ ನಾ ಹೋಗಲಿಲ್ಲ. ಮುಗಳಖೋಡದವರು ಬಂದು ಕುಂತಮ್ಯಾಲ ಚಾದ ತಾಟು ನಾನಽ ಹಿಡಕೊಂಡು ಹೊರಗ ಬಂದೆ. ಅವ್ವನ ಮಾರಿ ಬಿಳಚಿಕೊಂಡಿತು. ಗಂಡಿನ ತಾಯಿ ನನ್ನ ಮ್ಯಾಲಿಂದ ಕೆಳಗ ನೋಡಿ, “ಇಕಿ ಹಿರಿ ಮಗಳೇನ್ರಿ? ಲಗ್ನ ಆಗೇತಿ?” ಅಂದರು.

“ಇಲ್ರಿ. ಕೂಡಿದ್ದು ಮುರೀತ್ರಿ. ಯಾಕ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ,” ಅಂದೆ. ತಾಟು ಅವರ ಮುಂದ ಹಿಡದೆ. “ನೀವು ಬಂದಿದ್ದು ನನ್ನ ತಂಗಿನ್ನ ನೋಡಾಕಲ್ರಿ? ಅಕಿ ಭಾಳ ಚೊಲೊ ಹುಡುಗಿ ಅದಾಳ.”

ಆ ತಾಯಿ ಬಸಿಗೆ ಚಾ ಸುರಕೊಂಡು, ಊದಿ, ಒಂದು ಗುಟುಕು ಕುಡದರು.

“ಕರಿಯವ್ವಾ ನಿನ್ನ ತಂಗಿನ್ನ,” ಅಂದರು. “ನೀನೂ ಇಲ್ಲೇ ಕುಂದರು.”